ಅರಣ್ಯ ಸಂಚಾಲಕರ ಮರ

ಕೃಷ್ಣಪ್ರಸಾದರ ಜೇಬಿನಲ್ಲಿ ಎರಡು ಬಗೆಯ ವಿಸಿಟಿಂಗ್ ಕಾರ್ಡುಗಳಿರುತ್ತಿದ್ದವು. ಒಂದರಲ್ಲಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ತಗಡಿನ ಡಬ್ಬಿ ಕಾರ್ಖಾನೆಯೊಂದರ ಪ್ರೊಡಕ್ಷನ್ ಮ್ಯಾನೇಜರ್ ಎಂದಿತ್ತು. ಮನೆ ನಡೆಯುತ್ತಿದ್ದದ್ದು ಆ ಕಾರ್ಡಿನಿಂದ. ಇನ್ನೊಂದರಲ್ಲಿ ಕನ್ನಡ ಬಳಗದ ‘ಅರಣ್ಯ ಸಂಚಾಲಕ’ ಎಂದಿತ್ತು. ಅವರು ಮೊದಲು ತೆಗೆದು ಕೊಡುತ್ತಿದ್ದದ್ದು ಇದನ್ನು. ಬಳಗಕ್ಕೆ ಸಾಂಸ್ಕೃತಿಕ ಸಂಚಾಲಕರಿದ್ದರು, ಕ್ರೀಡಾ ಸಂಚಾಲಕರಿದ್ದರು, ಊಟದ ಸಂಚಾಲಕರಂತೂ ಮೂವರಿದ್ದರು. ಅರಣ್ಯ ಮಾತ್ರ ಇವರೊಬ್ಬರ ಕೈಯಲ್ಲಿತ್ತು. ಅರಣ್ಯ ಅಂದರೆ ಅರವತ್ತನಾಲ್ಕು ಪೈನ್ ಮರ.

“ತೋಪು ಅಂತ ಹಾಕಿಸಿದ್ರೆ ಸಾಕಿತ್ತಲ್ರೀ. ಅರಣ್ಯ ಅಂದ್ಮೇಲೆ ಜನ ಹುಲಿ ಕೇಳ್ತಾರೆ,” ಎಂದು ಅವರ ಹೆಂಡತಿ ಶಾಂತಾ ಕಾರ್ಡು ಅಚ್ಚಾಗಿ ಬಂದ ದಿನವೇ ಹೇಳಿದ್ದರು.

ಆ ಮರಗಳನ್ನು ನೆಟ್ಟದ್ದು ಎರಡು ಸಾವಿರದ ಹನ್ನೊಂದರ ಏಪ್ರಿಲಿನಲ್ಲಿ, ದೊಡ್ಡ ಮಳೆ ಹಿಡಿದ ವಾರ. ಡಾಗೊರೆಟ್ಟಿಯ ಆಚೆ ಒಂದು ಟ್ರಸ್ಟಿನವರು ತಮ್ಮ ಬೋಳು ಇಳಿಜಾರನ್ನು ಗಿಡ ನೆಡಲು ಬಳಗಕ್ಕೆ ಬಿಟ್ಟುಕೊಟ್ಟಿದ್ದರು. ಬಳಗದಲ್ಲಿ ಅರವತ್ತನಾಲ್ಕು ಮನೆ. ಮನೆಗೊಂದು ಗಿಡ, ಗಿಡಕ್ಕೊಂದು ಹೆಸರಿನ ತಗಡು. ತಗಡು ಕೃಷ್ಣಪ್ರಸಾದರ ಕಾರ್ಖಾನೆಯಲ್ಲಿ ಡಬ್ಬಿ ಕತ್ತರಿಸಿ ಉಳಿದದ್ದು. ಟ್ರಸ್ಟಿನ ಮರಗಳನ್ನು ನೋಡಿಕೊಳ್ಳುತ್ತಿದ್ದ ಸಿಲ್ವಿಯಾ ಎಂಬ ಹೆಂಗಸು ಗಂಬೂಟು ಹಾಕಿಕೊಂಡು ಬಂದು, ಮೂರು ದೊಡ್ಡ ಹೆಜ್ಜೆಗೆ ಒಂದು ಗುಂಡಿ ತೆಗೆಸಿ ಎಂದಳು. ಕೃಷ್ಣಪ್ರಸಾದರು ಕ್ಯಾಮೆರಾದ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಮೂರು ಹೆಜ್ಜೆಯಾದರೆ ಕೊನೆಯ ಸಾಲಿನ ಸದಸ್ಯರು ಫೋಟೋದಲ್ಲಿ ಸಾಸಿವೆಕಾಳಿನಷ್ಟಾಗುತ್ತಿದ್ದರು.

“ಒಂದೂವರೆ ಹೆಜ್ಜೆ,” ಎಂದು ತೀರ್ಪು ಕೊಟ್ಟರು.

“ಬ್ವಾನಾ ಪ್ರಸಾದ್, ಗಿಡಕ್ಕೆ ಬೇಕಾದ್ದು ಬೆಳಕು, ಫೋಟೋ ಅಲ್ಲ.”

“ನಮ್ಮ ಜನಕ್ಕೆ ಒತ್ತೊತ್ತಾಗಿ ಕೂತೇ ಅಭ್ಯಾಸ, ಮೇಡಂ.”

“ಹಾಗಾದರೆ ಆರು ವರ್ಷದ ಮೇಲೆ ನೀವೇ ನಿಂತು ಅರ್ಧ ಮರ ಕಡಿಸಬೇಕಾಗುತ್ತದೆ. ಸವಾ?”

“ಸವಾ, ಸವಾ,” ಎಂದು ಅವಳ ಸ್ವಾಹಿಲಿಯಲ್ಲೇ ಒಪ್ಪಿಕೊಂಡರು ಕೃಷ್ಣಪ್ರಸಾದರು. ಆರು ವರ್ಷ ಅಂದರೆ ಅಷ್ಟು ಹೊತ್ತಿಗೆ ಬೇರೆ ಯಾರೋ ಸಂಚಾಲಕರಿರುತ್ತಾರೆ ಎಂದು ಅವರ ಲೆಕ್ಕ. ಆದರೆ ಆ ಪದವಿಯನ್ನು ಅವರಿಂದ ಕಿತ್ತುಕೊಳ್ಳಲು ಯಾರೂ ಬರಲೇ ಇಲ್ಲ.

ಫೋಟೋ ಅದ್ಭುತವಾಗಿ ಬಂತು. ಬಳಗದ ಸಂಚಿಕೆಯ ರಕ್ಷಾಪುಟದಲ್ಲಿ ಅದೇ ಅಚ್ಚಾಯಿತು. ಆಮೇಲೆ ಆ ಇಳಿಜಾರಿಗೆ ಮತ್ತೆ ಮತ್ತೆ ಹೋದವರು ಇಡೀ ಬಳಗದಲ್ಲಿ ಒಬ್ಬರೇ, ದ್ವಾರಕಾನಾಥ್.

ದ್ವಾರಕಾನಾಥ್ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಮಿಸ್ಟು. ಬಳಗದ ಸಭೆಗಳಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಸಭೆ ಮುಗಿದು ಕುರ್ಚಿ ಮಡಚುವ ಹೊತ್ತಿಗೆ “ಇದು ನಾನು ತಗೋತೀನಿ ಬಿಡಿ ಸಾರ್” ಎನ್ನುವುದಷ್ಟೇ ಅವರ ಮಾತು. ಇಳಿಜಾರಿನ ಕೊನೆಯ ಸಾಲಿನಲ್ಲಿ ಕೃಷ್ಣಪ್ರಸಾದರ ಗಿಡದ ಪಕ್ಕದ್ದೇ ಅವರದು. ಬೇಸಗೆಯಲ್ಲಿ ಭಾನುವಾರ ಬಂದರೆ ಐದು ಲೀಟರಿನ ಕ್ಯಾನಿನಲ್ಲಿ ನೀರು ತುಂಬಿಕೊಂಡು, ಎರಡು ಮಟಾಟು ವ್ಯಾನು ಬದಲಿಸಿ ಹೋಗುತ್ತಿದ್ದರು. ಕಳೆ ಕೀಳುತ್ತಿದ್ದರು. ಕೆಳಗಿನ ಕೊಂಬೆ ಸವರುವುದನ್ನು ಸಿಲ್ವಿಯಾಳಿಂದ ಕಲಿತಿದ್ದರು. ವರ್ಷಕ್ಕೊಮ್ಮೆ ದರ್ಜಿಯ ಟೇಪು ತಂದು ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ನೋಡುತ್ತಿದ್ದರು. ಒಮ್ಮೆ ಹೈರಿಡ್ಜಿನ ತರಕಾರಿ ಅಂಗಡಿಯಲ್ಲಿ ಸಿಕ್ಕಾಗ, “ಸಾರ್, ನನ್ನದು ಮೂವತ್ತೊಂದು ಸೆಂಟಿಮೀಟರ್ ಆಯ್ತು,” ಎಂದು ಖುಷಿಯಿಂದ ಹೇಳಿದರು. ಕೃಷ್ಣಪ್ರಸಾದರು ತಮ್ಮ ಸೊಂಟವನ್ನೊಮ್ಮೆ ನೋಡಿಕೊಂಡು, “ಅದೃಷ್ಟವಂತರು ನೀವು,” ಎಂದು ಮುಂದೆ ಹೋದರು.

ಎರಡು ಸಾವಿರದ ಹದಿನೇಳು ಬಂತು. ಜನವರಿಯಲ್ಲಿ ಸಿಲ್ವಿಯಾ ಫೋನು ಮಾಡಿದಳು. ಮರಗಳು ಒಂದರ ಕತ್ತು ಒಂದು ಹಿಸುಕುತ್ತಿವೆ, ಎತ್ತರ ಹೋಗಿವೆಯೇ ಹೊರತು ದಪ್ಪವಾಗಿಲ್ಲ, ಒಂದು ಗಾಳಿಗೆ ಸಾಲುಸಾಲೇ ಮಲಗುತ್ತವೆ. ಪ್ರತಿ ಜೋಡಿಯಲ್ಲಿ ಒಂದನ್ನು ತೆಗೆಯಲೇಬೇಕು. ಮಳೆಗೆ ಮುಂಚೆ, ಫೆಬ್ರವರಿಯಲ್ಲಿ.

ಬಳಗದ ಸಭೆ ಸೇರಿತು. ಆರು ವರ್ಷ ಯಾರೂ ತಿರುಗಿ ನೋಡದ ಮರಗಳ ಮೇಲೆ ಅವತ್ತು ಉಕ್ಕಿದ ಪ್ರೀತಿಯನ್ನು ನೋಡಬೇಕಿತ್ತು.

“ನನ್ನ ಹೆಸರಿನ ಮರಕ್ಕೆ ಗರಗಸವಾ? ನಾನೇನು ಸತ್ತಿದೀನಾ?” ಎಂದು ಕೇಳಿದರು ಅಧ್ಯಕ್ಷ ವಿಶ್ವನಾಥ. ಅಪ್ಪರ್ ಹಿಲ್ಲಿನ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯವರು.

“ಕಡೀಲೇಬೇಕು ಅಂದ್ರೆ ಚಂದಾ ಕಟ್ಟದೇ ಇರೋರ ಮರ ಕಡೀರಿ,” ಎಂದರು ಇನ್ನೊಬ್ಬರು.

“ಊರಲ್ಲಿ ನಮ್ಮತ್ತೆಗೆ ಗೊತ್ತಾದ್ರೆ ಅಪಶಕುನ ಅಂತ ವಿಮಾನ ಹತ್ತಿ ಬರ್ತಾರೆ!”

ಕೃಷ್ಣಪ್ರಸಾದರು ಎದ್ದು ನಿಂತರು. ಕೈಯಲ್ಲಿ ಆಫೀಸಿನ ಪ್ರಿಂಟರಿನಲ್ಲಿ ತೆಗೆದ ನಲವತ್ತು ಪುಟದ ಕೈಪಿಡಿ ಇತ್ತು. ಹಿಂದಿನ ಸಂಜೆ ಅಂತರ್ಜಾಲದಲ್ಲಿ ಪೈನ್ ಎಂದು ಹುಡುಕಿದಾಗ ಮೊದಲು ಸಿಕ್ಕಿದ್ದು. ಹದಿನೇಳನೇ ಪುಟಕ್ಕೆ ಹಳದಿ ಬಣ್ಣ ಬಳಿದಿದ್ದರು.

“ಸ್ನೇಹಿತರೇ, ಭಾವುಕರಾಗಬೇಡಿ. ಇಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಎಳೆ ಪೈನ್ ಮರವನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಬೆಂಕಿ ಬಿದ್ದರೂ ಚಿಗುರುತ್ತೆ. ನಾವು ಕಡೀತಿಲ್ಲ, ಕ್ಷೌರ ಮಾಡಿಸ್ತಿದೀವಿ ಅಷ್ಟೆ.”

ಸಭೆ ನಿರಾಳವಾಯಿತು. ಚಪ್ಪಾಳೆಯೂ ಬಿತ್ತು. ಕೈಪಿಡಿಯಲ್ಲಿ ಬರೆದದ್ದೇನೋ ನಿಜವೇ. ಆದರೆ ಅದು ಅಮೆರಿಕದ ಶಾರ್ಟ್‌ಲೀಫ್ ಪೈನ್ ಎಂಬ ಮರದ ಕೈಪಿಡಿ. ಎಲೆ ಗಿಡ್ಡ ಎಂದು ಹೆಸರಲ್ಲೇ ಇತ್ತು. ಇಳಿಜಾರಿನ ಮರಗಳಲ್ಲಿ ಎಲೆ ಗೇಣುದ್ದ ಜೋತುಬಿದ್ದು ಗಾಳಿಗೆ ಕೂದಲಿನ ಹಾಗೆ ಹಾರುತ್ತಿತ್ತು. ಇವು ಬೇರೆ ಜಾತಿ, ಪ್ಯಾಟುಲಾ. ಆರು ವರ್ಷದಲ್ಲಿ ಒಮ್ಮೆ ತಲೆಯೆತ್ತಿ ನೋಡಿದ್ದರೂ ಅರಣ್ಯ ಸಂಚಾಲಕರಿಗೆ ಅನುಮಾನ ಬರುತ್ತಿತ್ತು.

ಕಡಿಯುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಸಿಲ್ವಿಯಾ ಅವರ ಕೈಗೆ ಕೆಂಪು ಬಣ್ಣದ ಡಬ್ಬಿಯನ್ನೂ ಬ್ರಷ್ಷನ್ನೂ ಕೊಟ್ಟಳು. “ಜೋಡಿಯಲ್ಲಿ ಸೊಟ್ಟಗಿರೋದು, ಕವಲೊಡೆದಿರೋದು, ಸೊರಗಿರೋದು ಯಾವುದೋ ಅದಕ್ಕೆ ಉಂಗುರ ಬಳಿಯಿರಿ. ಮರ ನೋಡಿ, ತಗಡು ನೋಡಬೇಡಿ,” ಎಂದು ಹೇಳಿ, ಎರಡು ಸಾಲು ಜೊತೆಗಿದ್ದು ತೋರಿಸಿಕೊಟ್ಟು, ಬೇರೆ ಕೆಲಸಕ್ಕೆ ಹೋದಳು.

ಏಳು ಸಾಲು ಕೃಷ್ಣಪ್ರಸಾದರು ಧರ್ಮರಾಯನ ಹಾಗೆ ನಡೆದುಕೊಂಡರು. ಅಧ್ಯಕ್ಷರ ಮರಕ್ಕೆ ಉಂಗುರ ಬಳಿಯುವಾಗ ಸಣ್ಣಗೆ ಶಿಳ್ಳೆಯನ್ನೂ ಹಾಕಿದರು. ಎಂಟನೇ ಸಾಲಿನ ಕೊನೆಯಲ್ಲಿ ಶಿಳ್ಳೆ ನಿಂತಿತು. ಅವರ ಮರದ ಎಳೆ ತುದಿಯನ್ನು ಯಾವುದೋ ವರ್ಷ ಕೋತಿಗಳು ಮುರಿದುಹಾಕಿದ್ದವು. ಎದೆಮಟ್ಟದಲ್ಲೇ ಎರಡು ಕವಲಾಗಿ, ಪೊಲೀಸರ ಮುಂದೆ ಎರಡೂ ಕೈ ಮೇಲೆತ್ತಿ ನಿಂತವರ ಹಾಗಿತ್ತು. ಪಕ್ಕದಲ್ಲಿ ದ್ವಾರಕಾನಾಥರ ಮರ. ನೇರ, ನುಣುಪು, ಕೆಳಗಿನ ಕೊಂಬೆಗಳೆಲ್ಲ ಒಪ್ಪವಾಗಿ ಸವರಿದ್ದು. ಇಡೀ ಇಳಿಜಾರಿನಲ್ಲಿ ಅಂಥ ಮರ ಇನ್ನೊಂದಿರಲಿಲ್ಲ.

ಕೃಷ್ಣಪ್ರಸಾದರು ಬ್ರಷ್ಷು ಹಿಡಿದು ಸ್ವಲ್ಪ ಹೊತ್ತು ನಿಂತರು. ಯುಗಾದಿ ಕಾರ್ಯಕ್ರಮದಲ್ಲಿ ಅವರಿಗೆ ಸನ್ಮಾನ ಎಂದು ತೀರ್ಮಾನವಾಗಿತ್ತು. ‘ತಮ್ಮ ಮರದೊಂದಿಗೆ ಅರಣ್ಯ ಸಂಚಾಲಕರು’ ಎಂಬ ಫೋಟೋ ಸಂಚಿಕೆಗೆ ಹೋಗಬೇಕಿತ್ತು. ಬೊಡ್ಡೆಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದೇ? ಸಂಚಾಲಕರದೇ ಹೀಗಾದರೆ ಸದಸ್ಯರಿಗೆ ಏನು ಸಂದೇಶ ಹೋಗುತ್ತದೆ? ಅಲ್ಲದೆ ಕಡಿದದ್ದು ಹೇಗೂ ಚಿಗುರುತ್ತದಲ್ಲ, ದ್ವಾರಕಾನಾಥರಿಗೆ ನಷ್ಟವೇನು? ಮನುಷ್ಯ ತಪ್ಪು ಮಾಡುವ ಮುಂಚಿನ ಐದು ನಿಮಿಷದಲ್ಲಿ ಯೋಚಿಸುವಷ್ಟು ಚುರುಕಾಗಿ ಬೇರೆ ಯಾವಾಗಲೂ ಯೋಚಿಸುವುದಿಲ್ಲ.

ಅವರು ತಗಡುಗಳನ್ನು ಬಿಚ್ಚಿ ಅದಲುಬದಲು ಮಾಡಿ ಕಟ್ಟಿದರು. ತುಕ್ಕು ಹಿಡಿದ ತಂತಿ ಬಲಗೈ ಹೆಬ್ಬೆರಳನ್ನು ಸೀಳಿತು. ಆಮೇಲೆ ಕವಲು ಮರಕ್ಕೆ ಕೆಂಪು ಉಂಗುರ ಬಳಿದರು.

“ಏನಾಯ್ತ್ರೀ ಬೆರಳಿಗೆ?” ಎಂದು ಮನೆಯಲ್ಲಿ ಕೇಳಿದರು ಶಾಂತಾ.

“ಪೇಪರ್ ತಗುಲಿತು.”

“ಕಾಡಲ್ಲಿ ಪೇಪರಾ?”

ಕೃಷ್ಣಪ್ರಸಾದರು ಟಿವಿ ಹಾಕಿದರು.

ಮಾರನೆಯ ದಿನ ಹತ್ತಿಪ್ಪತ್ತು ಮಂದಿ ಬಂದಿದ್ದರು, ಉಪ್ಪಿಟ್ಟಿನ ಡಬ್ಬಿಗಳೂ ಬಂದಿದ್ದವು. ದ್ವಾರಕಾನಾಥ್ ತಮ್ಮ ಹೆಸರಿನ ತಗಡು ನೇತಾಡುತ್ತಿದ್ದ ಕವಲು ಮರದ ಮುಂದೆ ನಿಂತರು. ಕೆಂಪು ಉಂಗುರ ನೋಡಿದರು. ಪಕ್ಕದ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಆಮೇಲೆ ಕೃಷ್ಣಪ್ರಸಾದರ ಕಡೆಗೆ ತಿರುಗಿದರು.

“ಬೇಜಾರು ಮಾಡ್ಕೋಬೇಡಿ ದ್ವಾರಕಾನಾಥ್. ಚಿಗುರುತ್ತೆ,” ಎಂದರು ಕೃಷ್ಣಪ್ರಸಾದರು, ಕೇಳುವ ಮೊದಲೇ.

“ಚಿಗುರುತ್ತಾ ಸಾರ್?”

“ಗ್ಯಾರಂಟಿ.”

“ಸರಿ ಸಾರ್,” ಎಂದು ದ್ವಾರಕಾನಾಥ್ ಪಕ್ಕಕ್ಕೆ ಸರಿದು ಗರಗಸದವರಿಗೆ ಜಾಗ ಬಿಟ್ಟರು.

ನಿಂತ ಮರದ ಕೆಳಗೆ ಕೃಷ್ಣಪ್ರಸಾದರ ಫೋಟೋ ಆಯಿತು. ಬ್ಯಾಂಡೇಜು ಕಾಣದಿರಲೆಂದು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಅದರಿಂದ ಗತ್ತು ಇನ್ನೂ ಹೆಚ್ಚಿತು ಎಂದು ಎಲ್ಲರೂ ಹೇಳಿದರು.

ಮೂರು ವಾರ ಕಳೆಯಿತು. ಬಳಗದ ವಾಟ್ಸಾಪ್ ಗುಂಪಿನಲ್ಲಿ “ಚಿಗುರು ಬಂತಾ?” ಎಂಬ ಪ್ರಶ್ನೆ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವಿನ ಜೊತೆ ಬರತೊಡಗಿತು. ಕೃಷ್ಣಪ್ರಸಾದರು ಕೊನೆಗೆ ಸಿಲ್ವಿಯಾಳಿಗೆ ಫೋನು ಮಾಡಿದರು. ಅವಳು ಮೊದಲು ನಕ್ಕಳು, ಆಮೇಲೆ ಇವರು ಗಂಭೀರವಾಗಿ ಕೇಳುತ್ತಿದ್ದಾರೆಂದು ತಿಳಿದು ನಗು ನಿಲ್ಲಿಸಿದಳು.

“ಪೋಲೆ ಬ್ವಾನಾ, ಕ್ಷಮಿಸಿ. ನೀವು ಓದಿದ್ದು ಅಮೆರಿಕದ ಮರದ ವಿಷಯ. ನಮ್ಮ ಪ್ಯಾಟುಲಾ ಕಡಿದರೆ ಮುಗಿಯಿತು, ಚಿಗುರುವುದಿಲ್ಲ.” ಹಾಗೇ ಸೇರಿಸಿದಳು, “ನಿಮ್ಮ ಆ ಕನ್ನಡಕದ ಸ್ನೇಹಿತರು ಮಾತ್ರ ಪ್ರತಿ ಭಾನುವಾರ ಕ್ಯಾನು ಹಿಡಿದು ಬರುತ್ತಾರೆ.”

ಕೃಷ್ಣಪ್ರಸಾದರಿಗೆ ಅವತ್ತು ಊಟ ರುಚಿಸಲಿಲ್ಲ. ಇಳಿಜಾರಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು, ಸತ್ತ ಬೊಡ್ಡೆಗೆ ನೀರು ಹಾಕುತ್ತ, ಗ್ಯಾರಂಟಿಯನ್ನು ನಂಬಿ ಕಾಯುತ್ತಿರುವ ಮನುಷ್ಯ ಕಣ್ಣ ಮುಂದೆ ಬರುತ್ತಿದ್ದ. ಅದರ ಮೇಲೆ ಇನ್ನೊಂದು ಸುದ್ದಿ ಬಂತು. ದ್ವಾರಕಾನಾಥರ ಕಾಂಟ್ರ್ಯಾಕ್ಟು ಮುಗಿಯಿತಂತೆ. ಯುಗಾದಿ ಕಾರ್ಯಕ್ರಮದ ವಾರವೇ ಸಂಸಾರ ಸಮೇತ ಮೈಸೂರಿಗೆ ಹೊರಡುತ್ತಾರಂತೆ. ಹೇಳಬೇಕಾದ್ದನ್ನು ಈಗ ಹೇಳದಿದ್ದರೆ ಆ ಮನುಷ್ಯ ಮೋಸ ಹೋದದ್ದೂ ತಿಳಿಯದೆ, ಚಿಗುರಿನ ಆಸೆ ಇಟ್ಟುಕೊಂಡೇ ವಿಮಾನ ಹತ್ತುತ್ತಾನೆ.

ಮಾರ್ಚಿನ ಕೊನೆಯ ಭಾನುವಾರ ಕೃಷ್ಣಪ್ರಸಾದರು ಕಾರು ತೆಗೆದುಕೊಂಡು ಹೋದರು. ದಾರಿಯುದ್ದಕ್ಕೂ ಭಾಷಣವೊಂದನ್ನು ಕಟ್ಟಿಕೊಂಡಿದ್ದರು. ಅದರಲ್ಲಿ ‘ವೈಜ್ಞಾನಿಕ ಆಕರಗಳ ಗೊಂದಲ’ ಎಂಬ ಒಳ್ಳೆಯ ಮಾತಿತ್ತು. ಮೇಲಿನಿಂದ ನೋಡಿದರೆ ಎಂಟನೇ ಸಾಲಿನ ಕೊನೆಯಲ್ಲಿ ದ್ವಾರಕಾನಾಥ್ ಬಗ್ಗಿ ಕ್ಯಾನು ಓರೆಮಾಡುತ್ತಿದ್ದರು. ಹತ್ತಿರ ಹೋಗುವಷ್ಟರಲ್ಲಿ ಭಾಷಣ ಮರೆತುಹೋಯಿತು.

“ದ್ವಾರಕಾನಾಥ್, ಅದು ಚಿಗುರಲ್ಲ.”

“ಗೊತ್ತು ಸಾರ್. ಕಡಿದ ದಿನಾನೇ ಸಿಲ್ವಿಯಾ ಮೇಡಂನ ಕೇಳಿದೆ.”

“ಗೊತ್ತಿದ್ದೂ ಬೊಡ್ಡೆಗೆ ನೀರು ಹಾಕ್ತಿದೀರಾ?”

“ಬೊಡ್ಡೆಗಲ್ಲ ಸಾರ್.”

ಕೃಷ್ಣಪ್ರಸಾದರು ಆಗ ನೋಡಿದರು. ಒದ್ದೆಯಾಗಿದ್ದದ್ದು ಪಕ್ಕದ ಮರದ ಬುಡ. ಅದರ ಮೇಲೆ ಅವರದೇ ಹೆಸರಿನ ತಗಡು, ‘ಅರಣ್ಯ ಸಂಚಾಲಕ’ ಎಂಬ ಉಬ್ಬಕ್ಷರ ಸಮೇತ, ಬಿಸಿಲಿಗೆ ಹೊಳೆಯುತ್ತಿತ್ತು.

“ಜೊತೆಯದು ಹೋದ ಮೇಲೆ ಬಿಸಿಲು ನೇರ ಬುಡಕ್ಕೇ ಬೀಳುತ್ತೆ. ಈ ಸಲ ಮಳೆ ಬೇರೆ ಕೈಕೊಟ್ಟಿದೆ,” ಎಂದರು ದ್ವಾರಕಾನಾಥ್. “ಐದು ಲೀಟರು ಇಷ್ಟು ದೊಡ್ಡದಕ್ಕೆ ಎಲ್ಲಿ ಸಾಲುತ್ತೆ. ಅಭ್ಯಾಸ ಬಿಡಲ್ಲ.” ಕಾಂಡದ ಮೇಲಿನ ಹಳೆಯ ಗಾಯವೊಂದನ್ನು ಬೆರಳಿನಿಂದ ಮುಟ್ಟಿದರು. “ಮೂರನೇ ವರ್ಷ ಕೊಂಬೆ ಸವರುವಾಗ ಚಾಕು ಮೊಂಡಾಗಿತ್ತು, ತೊಗಟೆ ಸೀಳಿಬಿಡ್ತು. ವಾರವೆಲ್ಲ ನಿದ್ದೆ ಸರಿ ಬಂದಿರಲಿಲ್ಲ ನನಗೆ. ಈಗ ನೋಡಿ, ಮುಚ್ಕೊಂಡಿದೆ.”

ತಗಡು ಬದಲಾದದ್ದು ಈ ಮನುಷ್ಯನಿಗೆ ಗೊತ್ತಿತ್ತು.

“ಅವತ್ತೇ ಯಾಕ್ರೀ ಹೇಳಲಿಲ್ಲ? ಎಲ್ಲರ ಮುಂದೆ ಬೈಬಹುದಿತ್ತಲ್ಲ ನನ್ನ!”

“ಯಾಕ್ ಸಾರ್ ಬೈಯೋದು. ಗರಗಸದವರು ತಗಡು ಓದ್ತಾರಾ, ಬಣ್ಣ ನೋಡ್ತಾರೆ. ನೀವು ಬಣ್ಣ ಸರಿಯಾದ ಮರಕ್ಕೇ ಹಚ್ಚಿದ್ರಿ. ಉಂಗುರ ಇದಕ್ಕೆ ಬಿದ್ದಿದ್ರೆ ನಾನೇನು ಮಾಡೋಕಾಗ್ತಿತ್ತು? ಥ್ಯಾಂಕ್ಸ್ ಹೇಳ್ಬೇಕು ಅಂತಾನೇ ಇದ್ದೆ.”

ಬೈಗುಳಕ್ಕೆ ಕೃಷ್ಣಪ್ರಸಾದರ ಬಳಿ ನಾಲ್ಕು ಉತ್ತರಗಳಿದ್ದವು. ಥ್ಯಾಂಕ್ಸಿಗೆ ಒಂದೂ ಇರಲಿಲ್ಲ. ಅವರು ಮುಂದೆ ಹೋಗಿ ತಗಡಿನ ತಂತಿಗೆ ಕೈಹಾಕಿ ಜಗ್ಗಿದರು.

“ಬಿಡಿ ಸಾರ್, ಮತ್ತೆ ಹೆಬ್ಬೆರಳು ಕುಯ್ಕೋತೀರ,” ಎಂದರು ದ್ವಾರಕಾನಾಥ್, ಕ್ಯಾನಿನ ಮುಚ್ಚಳ ತಿರುಗಿಸುತ್ತ.

ಮತ್ತೆ ಎಂಬ ಆ ಒಂದು ಮಾತು ಹೈರಿಡ್ಜಿನ ಮನೆಯವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂತು. ಆ ರಾತ್ರಿ ಊಟದ ನಡುವೆ ಅವರು ಎಲ್ಲವನ್ನೂ ಶಾಂತಾಗೆ ಹೇಳಿದರು. ಶಾಂತಾ ನಗಲಿಲ್ಲ. ಅವರು ನಗದಿದ್ದಾಗ ಕೃಷ್ಣಪ್ರಸಾದರಿಗೆ ನಿಜವಾಗಿ ಹೆದರಿಕೆಯಾಯಿತು.

“ಅವರು ಹೊರಡೋದ್ರೊಳಗೆ ಎಲ್ಲರ ಮುಂದೆ ಹೇಳ್ಬಿಡಿ,” ಎಂದರು ಶಾಂತಾ. “ಮೈಕು ಹೇಗೂ ನಿಮ್ಮ ಕೈಗೆ ಬರುತ್ತೆ.”

ಯುಗಾದಿ ಕಾರ್ಯಕ್ರಮ ಮುಂದಿನ ಭಾನುವಾರ ನಡೆಯಿತು. ಅಧ್ಯಕ್ಷ ವಿಶ್ವನಾಥ ಪೇಟ ತೊಡಿಸಿ, ಶಾಲು ಹೊದಿಸಿ, ಮೈಕು ಕೊಟ್ಟರು. ಕೃಷ್ಣಪ್ರಸಾದರು ಹೇಳಿದರು: ಮರಗಳು ಚಿಗುರುವುದಿಲ್ಲ, ನಾನು ಬೇರೆ ಮರದ ಪುಸ್ತಕ ಓದಿದೆ. ಸಂಚಿಕೆಯಲ್ಲಿರುವ ಮರ ನನ್ನದಲ್ಲ, ದ್ವಾರಕಾನಾಥರದು. ಅದನ್ನು ಬೆಳೆಸಿದವರು ಅವರು. ನಾನು ತಗಡು ಬದಲಾಯಿಸಿದೆ.

ಸಭೆ ಒಂದು ಕ್ಷಣ ತಬ್ಬಿಬ್ಬಾಯಿತು. ಅಧ್ಯಕ್ಷರು ಮೈಕಿಗೆ ಬಾಗಿ, “ನೋಡಿ, ನೋಡಿ! ಸನ್ಮಾನದ ವೇದಿಕೆಯಲ್ಲೂ ಬೇರೆಯವರಿಗೆ ಕೀರ್ತಿ ಕೊಡೋ ದೊಡ್ಡಗುಣ! ಎಂಥ ವಿನಯ!” ಎಂದರು. ಚಪ್ಪಾಳೆ ಬಿತ್ತು. ಮೊದಲ ಸಾಲಿನವರು ಎದ್ದು ನಿಂತು ತಟ್ಟಿದರು. ಹಿಂದಿನವರೂ ಎದ್ದರು, ಕೆಲವರು ಊಟದ ಸಾಲಿಗೆಂದು. ಕೃಷ್ಣಪ್ರಸಾದರು ಇಲ್ಲ, ಇಲ್ಲ, ನಿಜವಾಗಿ ಎಂದು ಹೇಳಲು ಬಾಯಿ ತೆರೆದರು. ಆದರೆ ಚಪ್ಪಾಳೆ ಜೋರಾಗಿತ್ತು, ಶಾಲು ಬೆಚ್ಚಗಿತ್ತು. ಒಂದು ಅರ್ಧ ನಿಮಿಷ ಅವರಿಗೆ ಹಿತವಾಯಿತು. ಇರಬಹುದೇನೋ, ನನ್ನಲ್ಲಿ ವಿನಯ ಇದೆಯೇನೋ ಎಂದೂ ಅನ್ನಿಸಿತು.

ಆಗ ಹಾಲಿನ ತುದಿಯಲ್ಲಿ ದ್ವಾರಕಾನಾಥ್ ಕಂಡರು. ಚಪ್ಪಾಳೆಗೆ ಎದ್ದವರ ಖಾಲಿ ಕುರ್ಚಿಗಳನ್ನು, ಊಟಕ್ಕೆ ಜಾಗವಾಗಲೆಂದು, ಒಂದೊಂದಾಗಿ ಮಡಚುತ್ತಿದ್ದರು.

ತಗಡು ಬದಲಾಯಿಸಿದಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ ಕೃಷ್ಣಪ್ರಸಾದರಿಗೆ ಆ ಅರ್ಧ ನಿಮಿಷಕ್ಕಾಗಿ ಆಯಿತು.

ಸೋಮವಾರ ಅವರು ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿದರು. ಕಟಿಂಗ್ ಪ್ಲೇಯರ್, ಸುತ್ತಿಗೆ, ನಾಲ್ಕು ಮೊಳೆ ತೆಗೆದುಕೊಂಡು ಇಳಿಜಾರಿಗೆ ಹೋದರು. ಕಡಿದ ಮರಗಳ ತಗಡುಗಳನ್ನು ಸಿಲ್ವಿಯಾ ಶೆಡ್ಡಿನಲ್ಲಿ ಜೋಡಿಸಿಟ್ಟಿದ್ದಳು. ದ್ವಾರಕಾನಾಥರದನ್ನು ಹುಡುಕಿ, ಅಂಗಿಯ ತೋಳಿನಿಂದ ಒರೆಸಿ, ಹೊಸ ತಂತಿಯಲ್ಲಿ ನೇರ ಮರಕ್ಕೆ ಕಟ್ಟಿದರು. ತಮ್ಮದನ್ನು ಬಿಚ್ಚಿ ಪಕ್ಕದ ಬೊಡ್ಡೆಯ ನೆತ್ತಿಗೆ ಮೊಳೆ ಹೊಡೆದರು.

ಸಿಲ್ವಿಯಾ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. “ಬೊಡ್ಡೆಗೆ ಹೆಸರು ಯಾಕೆ, ಬ್ವಾನಾ?”

“ಇದು ನನ್ನದು.”

ಸಿಲ್ವಿಯಾ ತಲೆಯಾಡಿಸಿ ಶೆಡ್ಡಿನ ಕಡೆ ನಡೆದಳು. ಚಪ್ಪಾಳೆ ತಟ್ಟಲಿಲ್ಲ. ಕೃಷ್ಣಪ್ರಸಾದರಿಗೆ ಅದು ಎಷ್ಟೋ ಮೇಲೆನ್ನಿಸಿತು.

ದ್ವಾರಕಾನಾಥ್ ಗುರುವಾರ ಹೊರಟರು. ‘ಅರಣ್ಯ ಸಂಚಾಲಕ’ ಕಾರ್ಡು ಇನ್ನೂ ಮುನ್ನೂರು ಉಳಿದಿದ್ದವು. ಶಾಂತಾ ಅವುಗಳ ಬೆನ್ನ ಮೇಲೆ ದಿನಸಿ ಪಟ್ಟಿ ಬರೆಯತೊಡಗಿದರು. ಬಳಗಕ್ಕೆ ಬಂದ ಹೊಸಬರನ್ನು ಕೃಷ್ಣಪ್ರಸಾದರು ಈಗಲೂ ಇಳಿಜಾರಿಗೆ ಕರೆದುಕೊಂಡು ಹೋಗುತ್ತಾರೆ. ಬೊಡ್ಡೆಯ ಮೇಲಿನ ತಗಡು ಕಂಡು ಯಾರಾದರೂ ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ಮೊದಮೊದಲು ಚೆನ್ನಾಗಿ ಹೇಳುತ್ತಿದ್ದರು. ಚೆನ್ನಾಗಿ ಹೇಳಿದರೆ ಜನ ಬೆನ್ನು ತಟ್ಟಿ ನೇರ ಮನುಷ್ಯ ಎನ್ನುತ್ತಾರೆಂದು ಗೊತ್ತಾದ ಮೇಲೆ ಚುಟುಕಾಗಿ, ಕೆಟ್ಟದಾಗಿ ಹೇಳುವುದನ್ನು ರೂಢಿಮಾಡಿಕೊಂಡರು.

ಎರಡು ವರ್ಷದ ಮೇಲೆ ಒಂದು ಫೆಬ್ರವರಿಯಲ್ಲಿ ಅವರು ಶಾಂತಾರ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಂಡು ಹೋಗಿ, ಎದೆಮಟ್ಟದಲ್ಲಿ ಸುತ್ತಿ, ಅಲ್ಲಿಂದಲೇ ಮೈಸೂರಿಗೆ ಸಂದೇಶ ಕಳಿಸಿದರು. “ನಿಮ್ಮ ಮರ. ಐವತ್ತೆರಡು ಸೆಂಟಿಮೀಟರ್. ನೀರು ತಂದಿದ್ದೀನಿ.”

ಉತ್ತರ ಕೂಡಲೇ ಬಂತು. “ಥ್ಯಾಂಕ್ಸ್ ಸಾರ್. ನೀರು ಇನ್ನು ಬೇಡ, ಬೇರು ಆಳಕ್ಕೆ ಹೋಗಿರುತ್ತೆ.”

ಕೃಷ್ಣಪ್ರಸಾದರು ಕೈಯಲ್ಲಿದ್ದ ಐದು ಲೀಟರಿನ ಕ್ಯಾನನ್ನು ನೋಡಿದರು. ಸುತ್ತಮುತ್ತ ಯಾರೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಮುಚ್ಚಳ ತಿರುಗಿಸಿ, ಬೇಡವಾಗಿದ್ದ ಆ ನೀರನ್ನು ಮರದ ಬುಡಕ್ಕೆ ನಿಧಾನವಾಗಿ ಹೊಯ್ದರು.